ಕಲಂ 46ರ ಪಹರೆ

(ನಿವೃತ್ತ ಸುಬೇದಾರ್ ಮಾವ ಮಿಲಿಟರಿ ಕ್ಯಾಂಟೀನಿನ ರಮ್ ಬಾಟಲಿಗೆ ಪೇಪರ್ ಸುತ್ತುತ್ತಿದ್ದಾರೆ. ಅಳಿಯ ವಕೀಲ.)

ಅಳಿಯ: ಮಾವ, 2018ರಲ್ಲೇ ಸುಪ್ರೀಂ ಕೋರ್ಟು ಸಲಿಂಗಪ್ರೇಮವನ್ನ ಅಪರಾಧ ಅಂತಿದ್ದ 377ನೇ ಕಲಮಿನ ಹಲ್ಲು ಕಿತ್ತಿತಲ್ಲ, ಸೈನ್ಯಕ್ಕೆ ಸುದ್ದಿ ಮುಟ್ಟಲಿಲ್ವಾ?

ಮಾವ: ಮುಟ್ಟಿತು. 2019ರಲ್ಲಿ ಸೇನಾ ಮುಖ್ಯಸ್ಥ ಜನರಲ್ ರಾವತ್ ಸಾಹೇಬರೇ ಹೇಳಿದ್ರು, ಅದೆಲ್ಲ ನಮ್ಮಲ್ಲಿ ನಡೆಯಲ್ಲ ಅಂತ. ನಮಗೆ 1950ರ ಸೇನಾ ಕಾಯ್ದೆ ಇದೆ. 46ನೇ ಕಲಂ, ‘ಅಸಹಜ’ ವರ್ತನೆಗೆ ಏಳು ವರ್ಷದವರೆಗೆ ಜೈಲು!

ಅಳಿಯ: ಸಿಯಾಚಿನ್ ಹಿಮದಲ್ಲಿ ರಾತ್ರಿಯೆಲ್ಲ ನಿಲ್ಲೋದು ಸಹಜವಾ?

ಮಾವ: ಅದು ಡ್ಯೂಟಿ ಕಣೋ. ಇದರಿಂದ ಶಿಸ್ತು ಕೆಡುತ್ತೆ.

ಅಳಿಯ: ಬ್ರಿಟನ್ 2000ದಲ್ಲಿ, ಅಮೆರಿಕ 2011ರಲ್ಲಿ ನಿಷೇಧ ತೆಗೆದವು. ಅಲ್ಲಿ ಪೆರೇಡಿನ ಹೆಜ್ಜೆ ತಪ್ಪಿತಾ?

ಮಾವ: ಬಿಳಿಯರ ಮಾತು ಬಿಡು. ನಮ್ಮದು ಸಂಸ್ಕೃತಿ.

ಅಳಿಯ: 377 ಬರೆದವರೇ ಆ ಬಿಳಿಯರು! ಅವರು ಬಿಸಾಕಿದ ನಾಚಿಕೆಗೆ ನಾವು ಇಸ್ತ್ರಿ ಹಾಕ್ತಿದೀವಿ. 2022ರಲ್ಲಿ ನಿರ್ದೇಶಕ ಒನಿರ್ ಬರೆದ ಸಲಿಂಗಪ್ರೇಮಿ ಸೈನಿಕನ ಸಿನಿಮಾ ಕಥೆಗೂ ರಕ್ಷಣಾ ಇಲಾಖೆ ಅನುಮತಿ ಕೊಡಲಿಲ್ಲ. ಕಾಗದದ ಮೇಲಿನ ಸೈನಿಕನಿಗೂ ಪ್ರೀತಿಸೋ ಹಕ್ಕಿಲ್ಲ.

ಮಾವ: ಯಾರು ಯಾರನ್ನ ಬೇಕಾದ್ರೂ ಪ್ರೀತಿಸಲಿ ಅಂತ ಬಿಟ್ಟುಬಿಟ್ರೆ, ಸೈನ್ಯ ಇನ್ನೇನು ಕಾಯಬೇಕೋ?

ಅಳಿಯ: ಗಡಿ, ಮಾವ.