ಕಮಿನ್ಸ್ ಭಾವ

ಡಾಲಸ್ಸಿನ ಉತ್ತರಕ್ಕಿರುವ ಪ್ಲೇನೋ, ಫ್ರಿಸ್ಕೋಗಳಲ್ಲಿ ಕನ್ನಡದವರ ಮನೆಯನ್ನು ನಂಬರಿಲ್ಲದೆಯೂ ಪತ್ತೆ ಹಚ್ಚಬಹುದು. ಬಾಗಿಲಿಗೆ ಪ್ಲಾಸ್ಟಿಕ್ ಮಾವಿನ ತೋರಣ, ಗ್ಯಾರೇಜಿನ ಮುಂದೆ ಒಂದು ಕ್ಯಾಮ್ರಿ, ಒಂದು ಓಡಿಸ್ಸಿ. ಇತ್ತೀಚೆಗೆ ಈ ಕುಲಾಚಾರ ಮೀರಿದ ಪಂಗಡವೊಂದು ಹುಟ್ಟಿಕೊಂಡಿದೆ. ವರ್ಷಗಟ್ಟಲೆ ಡೇಟಾಬೇಸ್ ಕಾಯ್ದು, ಗ್ರೀನ್ ಕಾರ್ಡು ಕೈಗೆ ಬಂದದ್ದೇ ತಡ, ಇವರು ಕ್ಯಾಮ್ರಿ ಮಾರಿ ಡೀಸೆಲ್ ಪಿಕಪ್ ಟ್ರಕ್ಕು ತರುತ್ತಾರೆ. ಏಳೆಂಟು ಟನ್ ಟ್ರೇಲರ್ ಎಳೆಯಬಲ್ಲ ಆ ವಾಹನ ವಾರಕ್ಕೊಮ್ಮೆ ಪಟೇಲ್ ಬ್ರದರ್ಸ್‌ನಿಂದ ಎರಡು ಮೂಟೆ ಸೋನಾ ಮಸೂರಿ, ಒಂದು ಕಟ್ಟು ಕರಿಬೇವು ತರುತ್ತದೆ. ಕರಿಬೇವು ಹಾರಿಹೋಗದಂತೆ ಹಿಂದಿನ ತೊಟ್ಟಿಗೆ ಬಲೆ ಬಿಗಿಯುವುದೂ ಉಂಟು.

ನಮ್ಮ ಭಾವ ಈ ಪಂಗಡದ ಹಿರಿಯರು. ಅವರದು ರ‍್ಯಾಮ್ 2500. ಹಾಗೆಂದರೆ ಅವರಿಗೆ ಆಗುವುದಿಲ್ಲ. "ರ‍್ಯಾಮ್ ಅನ್ನೋದು ಬರೀ ತಗಡು ಕಣಯ್ಯ. ಕಮಿನ್ಸ್ ಅನ್ನು" ಎಂದು ತಿದ್ದುತ್ತಾರೆ. ಅದಕ್ಕೊಂದು ವಂಶಾವಳಿಯೂ ಇದೆ. ಶಿರಾದಲ್ಲಿ ಅವರ ತಂದೆಗೆ ಒಂದು ಟಾಟಾ ಲಾರಿ ಇತ್ತು, ಚಳ್ಳಕೆರೆಯ ಎಣ್ಣೆ ಮಿಲ್ಲುಗಳಿಗೆ ಶೇಂಗಾ ಹೊಡೆಯುತ್ತಿತ್ತು. 1993ರಲ್ಲಿ ಟಾಟಾದವರೂ ಕಮಿನ್ಸ್‌ನವರೂ ಸೇರಿ ಜಮ್‌ಶೆಡ್‌ಪುರದಲ್ಲಿ ಕಂಪನಿ ಕಟ್ಟಿ, ಆಮೇಲೆ 5.9 ಲೀಟರಿನ ಆರು ಸಿಲಿಂಡರ್ ಎಂಜಿನ್ನನ್ನು ನಮ್ಮ ಲಾರಿಗಳಿಗೆ ಕೂರಿಸತೊಡಗಿದರು. ಡಾಜ್ ಪಿಕಪ್ಪಿನ ಹೊಟ್ಟೆಯೊಳಗೆ 1989ರಿಂದಲೂ ಗುಡುಗುತ್ತಿದ್ದದ್ದು ಅದೇ ಮನೆತನದ ಎಂಜಿನ್ನು. ಭಾವನ 6.7 ಲೀಟರಿನದು ಅದರ ಮುಂದಿನ ತಲೆಮಾರು. ಟ್ರಕ್ಕು ಕೊಳ್ಳುವಾಗ ಅಕ್ಕನ ಮುಂದೆ ಈ ಸಂಬಂಧವನ್ನೆಲ್ಲ ಬಿಡಿಸಿ ಹೇಳಿ ಭಾವ ಕಣ್ಣು ಒರೆಸಿಕೊಂಡರಂತೆ. "ಮಾವನವರ ನೆನಪಿಗೆ ಒಂದು ಫೋಟೋ ಸಾಕಿತ್ತು" ಎಂದಷ್ಟೇ ಅಕ್ಕ ಅಂದದ್ದು.

ಈ ಪಂಗಡದವರು ಆಯಿಲ್ ಬದಲಾಯಿಸಲು ಅಂಗಡಿಗೆ ಹೋಗುವುದಿಲ್ಲ. ಹೋದರೆ ನೂರು ಡಾಲರಿಗೂ ಮೇಲೆ ಕೀಳುತ್ತಾರೆ ಎಂಬುದು ಬಾಯಿಮಾತಿನ ಕಾರಣ. ಒಳಗಿನ ಕಾರಣ, ತಮ್ಮ ಎಂಜಿನ್ನಿಗೆ ಪರರ ಕೈ ಸೋಕಬಾರದು. ಕಮಿನ್ಸ್ ಹಿಡಿಯುವುದು 12 ಕ್ವಾರ್ಟ್, ಎಂದರೆ 11 ಲೀಟರ್ ಚಿಲ್ಲರೆ. ಮಾಮೂಲಿ ಕಾರಿನ ಎರಡು ಪಾಲಿಗಿಂತ ಹೆಚ್ಚು. ಮೊದಲ ಸಲ ಭಾವ ಕ್ಯಾಮ್ರಿ ಕಾಲದ ಹಳೆಯ ಬಾಂಡಲಿಯನ್ನೇ ಅಡಿಗೆ ಇಟ್ಟು ಚೇಂಬರ್ ನಟ್ ಬಿಚ್ಚಿದರು. ಬಿಸಿ ಎಣ್ಣೆ ಧೋ ಎಂದು ಬಂತು, ನಟ್ಟು ಕೈಜಾರಿ ಎಣ್ಣೆಯೊಳಗೆ ಮುಳುಗಿತು, ಬಾಂಡಲಿ ತುಂಬಿ ಹರಿಯಿತು. ಬಡಾವಣೆಯ ಸಂಘದವರಿಂದ ಕಲೆಯ ಫೋಟೋ ಸಮೇತ ಕಾಗದ ಬಂತು. ಆ ಕಾಗದ ಭಾವನ ಬಾಳಿಗೊಂದು ಗುರಿ ಕೊಟ್ಟಿತು.

ಗುರಿಯ ಹೆಸರು ಕ್ವಿಕ್ ಡ್ರೈನ್ ವಾಲ್ವ್. ಜಪಾನಿನ ಫ್ಯುಮೋಟೋ ಕಂಪನಿಯದು, ಹಿತ್ತಾಳೆಯದು, ಹೆಬ್ಬೆರಳಿನ ಗಾತ್ರ. ನಟ್ಟಿನ ಜಾಗದಲ್ಲಿ ಇದನ್ನು ತಿರುಗಿಸಿ ಕೂರಿಸಿಬಿಟ್ಟರೆ ಮುಂದೆ ಸ್ಪ್ಯಾನರೇ ಬೇಡ. ಪುಟ್ಟ ಹಿಡಿಯನ್ನು ಒತ್ತಿ ಕಾಲು ಸುತ್ತು ತಿರುಗಿಸಿದರೆ ಒಳಗಿನ ಗುಂಡು ಸರಿದು ಎಣ್ಣೆ ಇಳಿಯುತ್ತದೆ, ಹಿಂದಕ್ಕೆ ತಿರುಗಿಸಿದರೆ ನಿಲ್ಲುತ್ತದೆ. ಬೆಲೆ 30–40 ಡಾಲರ್. ಕೊಂಡು ಹಾಕಿದ್ದರೆ ಒಂದು ಶನಿವಾರದ ಕೆಲಸ. ಭಾವ ಚಳಿಗಾಲ ಪೂರ್ತಿ ಚಿಂತಿಸಿದರು.

ಚಿಂತೆಗೆ ವಸ್ತು ಇಲ್ಲದೆ ಇರಲಿಲ್ಲ ಅನ್ನಿ. ಹೆದ್ದಾರಿಯಲ್ಲಿ ಕಲ್ಲು ಸಿಡಿದು ಹಿಡಿಗೇ ತಾಗಿ, ಅದು ತಾನಾಗಿ ತೆರೆದುಕೊಂಡರೆ? ಅದಕ್ಕೆಂದೇ ಹಿಡಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕ್ಲಿಪ್ಪು ಬರುತ್ತದೆ. ಆ ಕ್ಲಿಪ್ಪೇ ಬಿದ್ದುಹೋದರೆ? ವಾಲ್ವಿನ ತಿರುಪು ಮರೆ ಒಳಕ್ಕೆ ತುಸು ಚಾಚಿಕೊಂಡು, ತಳದಲ್ಲಿ ಒಂದಿಷ್ಟು ಹಳೆ ಎಣ್ಣೆ ಉಳಿದುಬಿಟ್ಟರೆ? ಅಮಾವಾಸ್ಯೆ ದಿನ ಭಾವ ತಮ್ಮ ಅಮ್ಮನಿಗೆ ಫೋನ್ ಮಾಡಿದಾಗಲೂ ಈ ಕೊನೆಯ ಪ್ರಶ್ನೆ ಬಂತು. ಅಮ್ಮ ಅಪ್ಪಟ ಗೃಹಿಣಿ. "ಬಾಣಲೆ ತಳದಲ್ಲಿ ಸ್ವಲ್ಪ ಉಳಿಯೋದೇ ಕಣೋ, ಅದಕ್ಯಾಕೆ ನಿದ್ದೆಗೆಡ್ತೀಯ" ಎಂದರಂತೆ.

ಕೊನೆಗೂ ಕೂರಿಸಿದ ದಿನ ನಾನು ಟಾರ್ಚು ಹಿಡಿಯುವ ಹುದ್ದೆಯಲ್ಲಿದ್ದೆ. ಟ್ರಕ್ಕು ಎತ್ತರದ್ದು, ಜಾಕಿ ಬೇಕಿಲ್ಲ. ಮಾವಿನಹಣ್ಣಿನ ರಟ್ಟಿನ ಪೆಟ್ಟಿಗೆ ಹಾಸಿಕೊಂಡು ಭಾವ ಅಂಗಾತ ಒಳಗೆ ಸರಿದರು. ಎಣ್ಣೆ ಪೂರಾ ಬಸಿದ ಮೇಲೆ ಮರೆಯ ಸುತ್ತ ಬಟ್ಟೆಯಿಂದ ಒರೆಸಿದರು, ಮತ್ತೊಮ್ಮೆ ಒರೆಸಿದರು, ಬೆರಳಾಡಿಸಿ ಮೂಸಿ ನೋಡಿದರು. ವಾಷರ್ ಸರಿಯಾಗಿ ಕೂತಿದೆಯೇ ಎಂದು ನನ್ನಿಂದಲೂ ಸಾಕ್ಷಿ ಹೇಳಿಸಿದರು. ಆಮೇಲೆ ಬರಿಗೈಯಲ್ಲೇ ವಾಲ್ವನ್ನು ತಿರುಗಿಸುತ್ತ ಹೋದರು. ಮೊದಲ ಸುತ್ತುಗಳಲ್ಲಿ ಮರೆ ಅಡ್ಡಹಿಡಿದರೆ ಅಲ್ಲಿಗೆ ಚೇಂಬರಿನ ಕಥೆ ಮುಗಿಯಿತು, ಅದಕ್ಕೇ ಸ್ಪ್ಯಾನರ್ ಕೊನೆಗೆ. ಬಿಗಿಯುವಾಗ ಹಿತ್ತಾಳೆಗೆ ನೋವಾದೀತು ಎನ್ನುವಂತೆ ಮುಖ ಕಿವುಚಿಕೊಂಡಿದ್ದರು. ಕ್ಲಿಪ್ಪು "ಟಕ್" ಎಂದಾಗ ಅಡಿಯಿಂದ ಬಂದ ನಿಟ್ಟುಸಿರು ಬೀದಿಗೆ ಕೇಳಿಸಿತು.

ಮುಂದಿನ ಆಯಿಲ್ ಬದಲಾವಣೆಗೆ ನೆಂಟರಿಷ್ಟರನ್ನೆಲ್ಲ ಕರೆದರು. ಮೂತಿಗೆ ಪೈಪು ಸಿಕ್ಕಿಸಿ, ಇನ್ನೊಂದು ತುದಿ ಕ್ಯಾನಿಗಿಟ್ಟು, ಹಿಡಿ ತಿರುಗಿಸಿದರು. ಒಂದು ಹನಿ ಹೊರಗೆ ಚೆಲ್ಲಲಿಲ್ಲ. ಒಪ್ಪಬೇಕಾದ್ದೇ. ಆದರೆ ನಟ್ಟು ಬಿಚ್ಚಿದರೆ ಧೋ ಎಂದು ಸುರಿಯುವ ಎಣ್ಣೆ, ವಾಲ್ವಿನ ಸಣ್ಣ ಕೊರಳಿನಲ್ಲಿ ಆಲಾಪ ಶುರುಮಾಡಿತು. ಕಾಫಿ ಬಂತು, ಹೋಯಿತು. ಕೋಡುಬಳೆ ಮುಗಿಯಿತು. ಕ್ವಿಕ್ ಎಂದರೆ ಇದೇನಾ ಎಂದು ಯಾರೋ ಕೇಳಿದ್ದಕ್ಕೆ ಭಾವ, "ತೆರೆಯೋದು ಕ್ವಿಕ್ಕು, ಇಳಿಯೋದಲ್ಲ" ಎಂದರು. ಫಿಲ್ಟರ್ ಬಿಚ್ಚುವಾಗ ಮಾತ್ರ ಎಂದಿನಂತೆ ಮೊಣಕೈವರೆಗೆ ಎಣ್ಣೆ ಹರಿಯಿತು. ಅದಕ್ಕೆ ವಾಲ್ವು ಹೊಣೆಯಲ್ಲ.

ಉಳಿದದ್ದು ಹಳೆ ಎಣ್ಣೆಯ ದುಃಖ. ಶಿರಾದಲ್ಲಾಗಿದ್ದರೆ ವೇಸ್ಟ್ ಆಯಿಲಿಗೆ ಎಷ್ಟು ಬೇಡಿಕೆ! ಗೆದ್ದಲು ಹಿಡಿಯದಂತೆ ತೊಲೆಗೆ ಬಳಿಯಲು ಒಬ್ಬ, ಸೆಂಟ್ರಿಂಗ್ ಶೀಟಿಗೆ ಸವರಲು ಇನ್ನೊಬ್ಬ ಡಬ್ಬ ಹಿಡಿದು ನಿಂತಿರುತ್ತಿದ್ದರು. ಇಲ್ಲಿ ಬಿಡಿಭಾಗದ ಅಂಗಡಿಯವರು ಪುಕ್ಕಟೆ ತೆಗೆದುಕೊಳ್ಳುತ್ತಾರೆ, ಥ್ಯಾಂಕ್ಸ್ ಹೇಳುತ್ತಾರೆ, ಅಷ್ಟೆ. ಮೂರು ಗ್ಯಾಲನ್ ಕೊಟ್ಟು ಬರಿಗೈಯಲ್ಲಿ ಬರುವಾಗ ಭಾವ ಹಿತ್ತಲ ಮರದ ಬೇಲಿಯನ್ನು ಆಸೆಯಿಂದ ನೋಡುತ್ತಾರೆ. "ಸಂಘದವರ ಎರಡನೇ ಕಾಗದಕ್ಕೆ ನಾನು ಉತ್ತರ ಬರೆಯಲ್ಲ ಕಣ್ರೀ" ಎಂದು ಅಕ್ಕ ಮೊದಲೇ ಹೇಳಿಟ್ಟಿದ್ದಾಳೆ.

ವಾಲ್ವಿನ ನಿಜವಾದ ಉಪಯೋಗ ಆಮೇಲೆ ಹೊಳೆಯಿತು. ಬೇಕಾದಾಗ ಬೇಕಾದಷ್ಟು ಎಣ್ಣೆ ಹಿಡಿಯಬಹುದು! ಈಗ ಭಾವ ನಡುನಡುವೆ ಸಣ್ಣ ಶೀಶೆಯಲ್ಲಿ ಸ್ಯಾಂಪಲ್ ತೆಗೆದು ಇಂಡಿಯಾನಾ ರಾಜ್ಯದ ಫೋರ್ಟ್ ವೇನ್‌ನಲ್ಲಿರುವ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಕಬ್ಬಿಣ ಎಷ್ಟು, ತಾಮ್ರ ಎಷ್ಟು, ಸಿಲಿಕಾನ್ ಎಷ್ಟು ಎಂದು ವರದಿ ಬರುತ್ತದೆ. ಕಬ್ಬಿಣ ತುಸು ಏರಿದರೆ ಅಂದು ಊಟ ಸೇರುವುದಿಲ್ಲ. "ನಿಮ್ಮ ಶುಗರ್ ಟೆಸ್ಟ್ ಮಾಡಿಸಿ ಎಷ್ಟು ಕಾಲವಾಯ್ತು?" ಎಂದು ಅಕ್ಕ ಕೇಳಿದರೆ, "ಅದಕ್ಕೆ ಸೂಜಿ ಚುಚ್ಚಬೇಕಲ್ಲೇ" ಎನ್ನುತ್ತಾರೆ. ಭಾವನಿಗೊಂದು ಹಿತ್ತಾಳೆ ವಾಲ್ವು ಕೂರಿಸುವ ಡಾಕ್ಟರು ಟೆಕ್ಸಾಸಿನಲ್ಲಿ ಎಲ್ಲಾದರೂ ಇದ್ದಾರೆಯೇ ಎಂದು ಅಕ್ಕ ನನ್ನನ್ನು ಗುಟ್ಟಾಗಿ ವಿಚಾರಿಸಿದ್ದಾಳೆ.

ಮೊನ್ನೆ ಅವರ ಮನೆಯಲ್ಲಿ ಸತ್ಯನಾರಾಯಣ ವ್ರತ. ಸಂಕಲ್ಪದಲ್ಲಿ ಪುರೋಹಿತರು ಗೋತ್ರ ಕೇಳಿದಾಗ ಭಾವ ಅಕ್ಕನ ಮುಖ ನೋಡಿದರು, ಅಕ್ಕನೇ ಹೇಳಿದಳು. ನಾಲ್ಕನೇ ಅಧ್ಯಾಯ ಮುಗಿದು, ಐದಕ್ಕೆ ಮುಂಚೆ ಪುರೋಹಿತರು ನೀರು ಕುಡಿಯಲು ನಿಲ್ಲಿಸಿದರು. ಅದೇ ಸಂದಿನಲ್ಲಿ ಮೆಲ್ಲಗೆ, "ಅದೇನೋ ವಾಲ್ವು ಹಾಕಿಸಿದೀರಂತೆ, ನಮ್ಮ ಓಡಿಸ್ಸಿಗೂ ಬರುತ್ತೋ?" ಎಂದರು. "ಹೊಂಡಾ ಅಲ್ವೇ? 14 ಎಂಎಂ, ಮರೆ ಒಂದೂವರೆ!" ಭಾವ ರೆಪ್ಪೆ ಬಡಿಯಲಿಲ್ಲ.

ಸ್ವಲ್ಪ ಹೊತ್ತಿಗೆ ಇಬ್ಬರೂ ಕಾಣಲಿಲ್ಲ. ಗ್ಯಾರೇಜಿಗೆ ಹೋಗಿ ನೋಡಿದರೆ ಟ್ರಕ್ಕಿನಡಿಯಿಂದ ಎರಡು ಜೊತೆ ಕಾಲು, ಎರಡು ಮಡಿಪಂಚೆ. ಅಕ್ಕ ಆರತಿ ತಟ್ಟೆ ಹಿಡಿದೇ ಬಂದಳು. ಆಮೇಲೆ ನಡೆದ ಮಂಗಳಾರತಿ ಯಾವ ವ್ರತದ ಪುಸ್ತಕದಲ್ಲೂ ಇಲ್ಲ. ಅವಳು ಉಸಿರು ತಿರುಗಿಸಿಕೊಳ್ಳಲು ನಿಲ್ಲಿಸಿದಾಗ ಅಡಿಯಿಂದ ಪುರೋಹಿತರ ದನಿ ಕೇಳಿಸಿತು:

"ಕ್ಲಿಪ್ಪು ಜೊತೆಗೇ ಬರುತ್ತೋ, ಬೇರೆ ತರಿಸಬೇಕೋ?"