ಮೂಡಣ ದಿಕ್ಕಿನ ಮಡಿವಂತರು: ಹೆಬ್ಬೂರು ಸೀಮೆಯ ಪಂಚೆಧಾರಿಗಳಿಗೊಂದು ಪ್ರವಾಸ ವಸ್ತ್ರಶಾಸ್ತ್ರ

ಸಂಪ್ರದಾಯಸ್ಥರ ನಾಡಿಗೆ ಹೋಗುವಾಗ ಅಲ್ಲಿನವರ ಮನಸ್ಸು ನೋಯದಂತೆ ಬಟ್ಟೆ ತೊಡಬೇಕೆಂದು ಪ್ರವಾಸ ಕೈಪಿಡಿಗಳೆಲ್ಲ ಬುದ್ಧಿ ಹೇಳುತ್ತವೆ. ಮಾತು ಸರಿ, ಆದರೆ ಆ ನಾಡು ಎಲ್ಲಿದೆ ಎಂಬಲ್ಲಿ ಪೂರ್ವಸೂರಿಗಳು ಎಡವಿದ್ದಾರೆ. ಭಾನುವಾರ ಕಾಮಾಕ್ಷಿ ಶಾರದಾಂಬೆಯ ದರ್ಶನಕ್ಕೆಂದು ಬೆಂಗಳೂರಿನಿಂದ ಬರುವ ಕಾರುಗಳು ತುಮಕೂರು ಬಳಿಯ ನಮ್ಮ ಹೆಬ್ಬೂರು ಹತ್ತಿರವಾದಂತೆ ನಿಧಾನವಾಗುತ್ತವೆ. ಹಿಂದಿನ ಸೀಟಿನಿಂದ ವೇಲ್ ಹೊರಬರುತ್ತದೆ, ಹಳ್ಳಿ ಜನ ಏನಂದುಕೊಳ್ಳುತ್ತಾರೋ ಎಂಬ ಆತಂಕದಲ್ಲಿ ಹೆಗಲೇರುತ್ತದೆ. ಅಷ್ಟರಲ್ಲಿ ಊರಿನ ಹೆಂಗಸರು ನೈಟಿಯ ಮೇಲೊಂದು ಟವೆಲ್ ಹಾಕಿಕೊಂಡು ಡೇರಿಗೆ ಹಾಲು ಹಾಕಿ ಬಂದಾಗಿರುತ್ತದೆ. ಟವೆಲ್ ಇರುವ ತನಕ ನೈಟಿ ಗೌರವಸ್ಥ ಉಡುಪೇ ಎಂಬ ವ್ಯಾಜ್ಯ ಇಲ್ಲಿ ಯಾವತ್ತೋ ಇತ್ಯರ್ಥವಾಗಿದೆ.

ನಿಜವಾದ ಮಡಿವಂತ ಸಮಾಜವಿರುವುದು ನಮ್ಮಿಂದ ಮೂಡಲಿಗೆ. ತುಮಕೂರಿನ ಮೇಲೋ ಕುಣಿಗಲ್ಲಿನ ಮೇಲೋ ಬಸ್ಸು ಹಿಡಿದು ನೆಲಮಂಗಲ ದಾಟಿದರೆ ಅದರ ಗಡಿ ಶುರು. ಅದರ ಗರ್ಭಗುಡಿಗಳಿಗೆ ಮಾಲ್ ಎನ್ನುತ್ತಾರೆ. ದ್ವಾರಪಾಲಕರು ಇಬ್ಬರು, ಒಬ್ಬ ಬ್ಯಾಗು ತಡವುತ್ತಾನೆ, ಇನ್ನೊಬ್ಬ ಮನುಷ್ಯನನ್ನು.

ಪ್ರಮಾಣವೆಲ್ಲಿ ಎನ್ನುವವರಿಗೆ: 2024ರ ಜುಲೈ 16ರಂದು ಮಾಗಡಿ ರಸ್ತೆಯ ಮಾಲ್ ಒಂದಕ್ಕೆ ಹಾವೇರಿ ಜಿಲ್ಲೆಯ ವೃದ್ಧ ರೈತರೊಬ್ಬರು ಮಗನ ಜೊತೆ ಸಿನಿಮಾ ನೋಡಲು ಹೋದರು. ಕೈಯಲ್ಲಿ ಟಿಕೆಟ್, ಮೈಮೇಲೆ ಬಿಳಿ ಅಂಗಿ, ಬಿಳಿ ಪಂಚೆ. ಪಂಚೆಯವರಿಗೆ ಪ್ರವೇಶವಿಲ್ಲ ಎಂದರು. ರಾಜ್ಯದ ಮುಖ್ಯಮಂತ್ರಿಯೇ ಪಂಚೆ ಉಡುತ್ತಿದ್ದ ಕಾಲ ಅದು. 1996ರಲ್ಲಿ ಪಂಚೆಯಲ್ಲೇ ಪ್ರಧಾನಿಯಾದವರೂ ನಮ್ಮ ದೇವೇಗೌಡರೇ. ಅಷ್ಟೇಕೆ, 1931ರಲ್ಲಿ ಗಾಂಧೀಜಿಯ ತುಂಡು ಪಂಚೆ ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆಯ ಒಳಗೇ ಹೋಗಿ ಬಂತು. ಇದರಿಂದ ಸಿದ್ಧವಾಗುವುದೇನೆಂದರೆ, ಆಚಾರದಲ್ಲಿ ಐದನೆಯ ಜಾರ್ಜ್ ದೊರೆಗಿಂತ ಮಾಗಡಿ ರಸ್ತೆ ಕಟ್ಟುನಿಟ್ಟು.

ಇಲ್ಲೊಂದು ಪೂರ್ವಪಕ್ಷವಿದೆ: ಪಂಚೆಯಲ್ಲಿ ಕಾಲು ಕಾಣುತ್ತದೆ, ಅದಕ್ಕೇ ನಿಷೇಧ. ಇದು ನಿಲ್ಲದು. ಅದೇ ಬಾಗಿಲಲ್ಲಿ ಬರ್ಮುಡಾ ಚಡ್ಡಿಗಳು ಬೀಸಿಕೊಂಡು ಒಳಗೆ ಹೋಗುತ್ತವೆ. ಮಂಡಿ ಹರಿದ ಜೀನ್ಸಿಗೆ ಹರಿಯದ್ದಕ್ಕಿಂತ ಬೆಲೆ ಜಾಸ್ತಿ. ಪಂಚೆಯಾದರೋ ಹಿಮ್ಮಡಿ ಮುಟ್ಟುತ್ತದೆ. ಅದರ ಸೌಜನ್ಯವನ್ನು ಹೆಬ್ಬೂರು ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಪರೀಕ್ಷಿಸಬಹುದು. ಮಂಡಿಯ ಮೇಲಕ್ಕೆ ಎತ್ತಿ ಕಟ್ಟಿ ಬೀಡಿ ಸೇದುತ್ತ ನಿಂತವನ ಎದುರು ಹಿರಿಯರು, ಮಾವನ ಮನೆಯವರು ಅಥವಾ ಸೊಸೈಟಿಯ ಸೆಕ್ರೆಟರಿ ಬಂದರೆ, ತಲೆ ಎತ್ತುವುದರೊಳಗೆ ಪಂಚೆ ಸರ್ರನೆ ಪಾದಕ್ಕಿಳಿದಿರುತ್ತದೆ. ಜೀನ್ಸಿಗೆ ಈ ವಿದ್ಯೆ ಬಾರದು. (ಹೆಗಲ ಟವೆಲ್ ಕೂಡ ಹೀಗೆ ಇಳಿಯುತ್ತಿತ್ತು, ಆದರೆ ಅದು ಎಲ್ಲರ ಹೆಗಲಿಂದಲೂ ಇಳಿಯುತ್ತಿರಲಿಲ್ಲ. ಯಾರದು ಯಾರ ಮುಂದೆ ಇಳಿಯಬೇಕಿತ್ತೆಂದು ಊರಿಗೆಲ್ಲ ಗೊತ್ತಿತ್ತು. ಅದನ್ನು ಸೌಜನ್ಯವೆಂದು ಕರೆಯಲು ಪ್ರಬಂಧಕಾರರು ಸಿದ್ಧರಿಲ್ಲ.)

ಹಾಗಾದರೆ ಕುಂದು ಎಲ್ಲಿ? ಹೊಲಿಗೆಯಲ್ಲಿ. ಹೊಲಿಗೆ ಬಿದ್ದದ್ದು ಮಡಿ, ಬೀಳದ್ದು ಮೈಲಿಗೆ. ಉಡುಪಿ, ಧರ್ಮಸ್ಥಳ, ಗೋಕರ್ಣಗಳಲ್ಲಿ ಇದು ಸರಿಯಾಗಿ ತಲೆಕೆಳಗು: ಅಲ್ಲಿ ಗಂಡಸರು ಹೊಲಿದ ಅಂಗಿಯನ್ನು ಬಿಚ್ಚಿಟ್ಟು ಒಳಗೆ ಹೋಗಬೇಕು. ಹಂಪಿಯ ವಿರೂಪಾಕ್ಷನ ಗುಡಿಯಲ್ಲಿ 2024ರ ಜನವರಿಯಲ್ಲಿ ಚಡ್ಡಿಯಲ್ಲಿ ಬಂದವರಿಗೆ ಪಂಚೆ, ಶಲ್ಯ ಕೊಟ್ಟು ಒಳಗೆ ಬಿಡುವ ಏರ್ಪಾಟು ಮಾಡಿದರು. ದೇವರು ದೊಡ್ಡವನು, ಬಟ್ಟೆಯನ್ನೂ ಕೊಡಿಸುತ್ತಾನೆ. ಮಾಲ್‌ಗಳೂ ಇದೇ ಧರ್ಮ ಪಾಲಿಸಿ ಬಾಗಿಲಲ್ಲಿ ನಾಲ್ಕಾರು ಜೀನ್ಸ್ ನೇತುಹಾಕಬಾರದೇಕೆ? ಸೊಂಟದಳತೆ ಹೆಚ್ಚುಕಡಿಮೆಯಾದರೆ ಉಡಿದಾರ ಇದ್ದೇ ಇದೆ.

ಇನ್ನು ಪ್ರಯೋಗ ಭಾಗ. ಬೆಂಗಳೂರಿಗೆ ಹೊರಟ ಯಜಮಾನರಿಗೆ ಮನೆಯಾಕೆ, "ಮಗನ ಮನೆಗೆ ಹೋಗೋರು ಒಂದು ಪ್ಯಾಂಟಾದ್ರೂ ಸಿಗಾಕ್ಕೊಂಡು ಹೋಗಿ, ಸೊಸೆ ಏನಂದ್ಕೊಂಡಾಳು" ಎನ್ನುವುದು ಅನುಭವದ ಮಾತು, ತಿರಸ್ಕರಿಸಬಾರದು. ಪಂಚೆಯನ್ನು ಬಿಡಲಾರೆ ಎನ್ನುವವರು ಮುಖ್ಯವಾಗಿ ಹಣದ ಬಗ್ಗೆ ಯೋಚಿಸಬೇಕು. ನಮ್ಮವರ ಖಜಾನೆ ಇರುವುದು ಒಳಗಿನ ಪಟಾಪಟಿ ಚಡ್ಡಿಯ ಜೇಬಿನಲ್ಲಿ. ಕಂಡಕ್ಟರ್ ಎದುರು ನಿಂತಾಗ ಪಂಚೆಯ ಒಂದು ತುದಿ ಎತ್ತಿ, ಕೈ ಒಳಗಿಳಿಸಿ, ಬೆವರಿಗೆ ಮೆತ್ತಗಾದ ನೋಟು ಹೊರತೆಗೆಯುವ ದೃಶ್ಯ ಕುಣಿಗಲ್ ಬಸ್ಸಿನಲ್ಲಿ ಯಾರ ಕಣ್ಣಿಗೂ ಬೀಳದು. ಮಾಲ್‌ನ ಪಾಪ್‌ಕಾರ್ನ್ ಕೌಂಟರಿನಲ್ಲಿ ಕ್ಯೂ ತಾನಾಗಿ ಕರಗುತ್ತದೆ. ಕ್ಯೂ ಬೇಗ ಮುಗಿಯಬೇಕೆನ್ನುವವರು ಇದನ್ನು ಮಾಡಿ ನೋಡಬಹುದು.

ನಗರದ ಶಿಷ್ಟರಲ್ಲಿ ಮದುವೆಗೊಂದು ದಿನ ಪಂಚೆ ಉಡುವ ಪಂಥವೂ ಉಂಟು. ಅವರದು ಅಂಟಿಸುವ ಪಂಚೆ. ಅದಕ್ಕೆ ಜೇಬೂ ಇದೆ, ಮೊಬೈಲ್ ಹಿಡಿಸುತ್ತದೆ. ಬಿಚ್ಚುವಾಗ ಚರ್ರೆಂದು ಸದ್ದು ಬರುವುದರಿಂದ ಕಳ್ಳತನದ ಭಯವಿಲ್ಲ. ಹೊಲಿಗೆ ಬಿದ್ದ ಈ ಪಂಚೆಗೆ ಮಾಲ್ ಪ್ರವೇಶ ಉಂಟೋ ಇಲ್ಲವೋ ಎಂಬಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ.

ಇನ್ನು ಪ್ರಾಯಶ್ಚಿತ್ತ ಭಾಗ. ತಮಿಳುನಾಡು ಕ್ರಿಕೆಟ್ ಸಂಸ್ಥೆಯ ಮದ್ರಾಸಿನ ಕ್ಲಬ್ಬು 2014ರಲ್ಲಿ ಹೈಕೋರ್ಟಿನ ನ್ಯಾಯಮೂರ್ತಿಯನ್ನೇ ಪಂಚೆಗಾಗಿ ಬಾಗಿಲಲ್ಲಿ ತಡೆದಾಗ ತಮಿಳುನಾಡು ಅದೇ ವರ್ಷ ಪಂಚೆಯನ್ನು ತಡೆಯಬಾರದೆಂದು ಕಾಯ್ದೆ ಮಾಡಿತು. ನಮ್ಮ ಸರ್ಕಾರ ಮಾಗಡಿ ರಸ್ತೆಯ ಆ ಮಾಲ್‌ಗೆ ಏಳು ದಿನ ಬಾಗಿಲು ಹಾಕಿಸಿತು. ಏಳು ದಿನದ ಸೂತಕ ಪ್ರಬಂಧಕಾರರು ಕಂಡ ಯಾವ ಪಂಚಾಂಗದಲ್ಲೂ ಇಲ್ಲ.

ನಮ್ಮ ಹೊಲಿಗೆ ಸಿದ್ಧಾಂತಕ್ಕೆ ಒಂದೇ ಒಂದು ಬಾಧಕ ಉಳಿದಿದೆ. ಗದ್ದಲವೆದ್ದ ಮೇಲೆ ಅದೇ ಮಾಲ್‌ನವರು ಆ ರೈತರ ಕ್ಷಮೆ ಕೇಳಿ, ಶಾಲು ಹೊದಿಸಿ ಸನ್ಮಾನಿಸಿದರು. ಶಾಲಿಗೆ ಹೊಲಿಗೆ ಎಲ್ಲಿದೆ? ಸೊಂಟದ ಕೆಳಗೆ ಮೈಲಿಗೆಯಾದ ಬಟ್ಟೆ ಹೆಗಲಿಗೇರಿದರೆ ಮರ್ಯಾದೆಯಾಗುತ್ತದೆಂದು ಸದ್ಯಕ್ಕೆ ಇಟ್ಟುಕೊಳ್ಳೋಣ. ಅವರು ಅದೇ ಶಾಲನ್ನು ಸೊಂಟಕ್ಕೆ ಸುತ್ತಿಕೊಂಡು ಇನ್ನೊಂದು ಸಿನಿಮಾಕ್ಕೆ ಹೋಗಿದ್ದರೆ ದ್ವಾರಪಾಲಕರು ಏನು ಮಾಡುತ್ತಿದ್ದರೆಂಬುದು ಮುಂದಿನ ಸಂಪುಟದ ವಿಷಯ.