ಸೊಸೆ ಮನೆಗೆ ಬಂದಳು, ರೇಷನ್ ಕಾರ್ಡಿಗೆ ಬರಲಿಲ್ಲ

ವಿಜಯಪುರದಲ್ಲಿ ನಮ್ಮದೊಂದು ಪತ್ತಿನ ಸಹಕಾರಿ ಸಂಘ ಇದೆ. ಹೆಸರು ಬೇಡ, ಠೇವಣಿದಾರರೂ ಪತ್ರಿಕೆ ಓದುತ್ತಾರೆ. ಅದರ ಆಡಳಿತ ಮಂಡಳಿಯಲ್ಲಿ ನಾನೂ ಒಬ್ಬ ನಿರ್ದೇಶಕ. ಸಭೆಗೆ ಬರುವುದು, ಚಹಾ ಕುಡಿಯುವುದು, ಸಹಿ ಹಾಕುವುದು, ಮುಂದೆ ಏನಾದರೂ ಕೆಟ್ಟರೆ "ನಾ ಅವತ್ತ ಹೇಳಿದ್ದೆ" ಎನ್ನುವುದು ನನ್ನ ಹೊಣೆ. ನಾಲ್ಕನ್ನೂ ಇಲ್ಲಿಯವರೆಗೆ ಚಾಚೂ ತಪ್ಪದೆ ನಿಭಾಯಿಸಿದ್ದೇನೆ.

2017ರ ರಾಜ್ಯ ಬಜೆಟ್ಟಿನಲ್ಲಿ ತಿಕೋಟಾ, ಬಬಲೇಶ್ವರ ಎರಡೂ ಹೊಸ ತಾಲ್ಲೂಕು ಎಂದು ಸಾರಿದ ದಿನದಿಂದ ನಮ್ಮ ಅಧ್ಯಕ್ಷರಿಗೆ ನಿದ್ದೆ ಇರಲಿಲ್ಲ. ಸರ್ಕಾರವೇ ತಾಲ್ಲೂಕು ಮಾಡಿದ ಮೇಲೆ ನಾವು ಶಾಖೆ ಮಾಡದಿದ್ದರೆ ಹೇಗೆ? ತಿಕೋಟಾ ದ್ರಾಕ್ಷಿಯ ಊರು. ಒಣದ್ರಾಕ್ಷಿ ಮಾರಿದ ರೊಕ್ಕ ಎಲ್ಲಿಗಾದರೂ ಹೋಗಲೇಬೇಕು, ನಮ್ಮಲ್ಲಿಗೇ ಯಾಕೆ ಬರಬಾರದು? ಹೀಗೆ ತಿಕೋಟಾದಲ್ಲಿ ಮೊದಲ ಶಾಖೆ ಆಯಿತು. ಮೂರು ಹೊಸ ಕಂಪ್ಯೂಟರ್, ಒಂದು ಪಾಸ್‌ಬುಕ್ ಪ್ರಿಂಟರ್, ಒಂದು ರೂಟರ್. ರೂಟರಿಗೆ ಚೆಂಡು ಹೂವಿನ ಮಾಲೆ, ಕುಂಕುಮ. ಅಧ್ಯಕ್ಷರು ಟೇಪು ಕತ್ತರಿಸಿದರು, ಪೇಢೆ ಹಂಚಿದರು, ಫೋಟೊ ತೆಗೆಸಿಕೊಂಡರು.

ಮೊದಲ ಗ್ರಾಹಕರಾಗಿ ಒಬ್ಬ ದ್ರಾಕ್ಷಿ ಬೆಳೆಗಾರರು ಪಾಸ್‌ಬುಕ್ ಚಾಚಿದರು.

"ಸರ್ವರ್ ಡೌನ್ ಐತಿ ಕಾಕಾ, ನಾಳಿ ಬರ್ರಿ."

"ಇವತ್ತಲ್ಲೇನಪಾ ಚಾಲೂ ಆಗಿದ್ದು? ಚಾಲೂ ಆಗೂಕಿಂತ ಮೊದಲ ಡೌನ್ ಆತೇನು?"

ಸರ್ವರ್ ಡೌನ್ ಆಗಿರಲಿಲ್ಲ. ಇಪ್ಪತ್ತು ಕಿಲೋಮೀಟರ್ ದೂರದ ವಿಜಯಪುರದ ಮುಖ್ಯ ಕಚೇರಿಯಲ್ಲಿ ಅದು ಹೊಟ್ಟೆ ತಣ್ಣಗೆ ಮಾಡಿಕೊಂಡು ಕೂತಿತ್ತು. ಆದರೆ ನಮ್ಮಲ್ಲಿ ಕೆಲಸ ಆಗದ ಕಾರಣಗಳಿಗೆಲ್ಲ ಇಟ್ಟ ಒಂದೇ ಹೆಸರು ಸರ್ವರ್ ಡೌನ್. ಹಿಂದೆ ಇದೇ ಜಾಗದಲ್ಲಿ "ಸಾಹೇಬರು ಟೂರ್ ಹೋಗ್ಯಾರ" ಇರುತ್ತಿತ್ತು.

ತಕ್ಷಣ ದುರಸ್ತಿ ಶುರುವಾಯಿತು. ಮೊದಲು ಎಲ್ಲವನ್ನೂ ಬಂದ್ ಮಾಡಿ ಚಾಲೂ ಮಾಡಿದರು. ಆಮೇಲೆ ಚಾಲೂ ಇದ್ದದ್ದನ್ನು ಬಂದ್ ಮಾಡಿದರು. ಮೂರನೆಯದಾಗಿ ಅಥಣಿ ರಸ್ತೆಯಲ್ಲಿ ಅಗೆಯುತ್ತಿದ್ದ ಜೆಸಿಬಿಯ ಮೇಲೆ ಅನುಮಾನ ಬಿತ್ತು. ಪಿಗ್ಮಿ ಏಜೆಂಟನನ್ನು ಬೈಕಿನ ಮೇಲೆ ಕಳಿಸಿ ನೋಡಿಸಿದರೆ ಜೆಸಿಬಿ ಅಗೆದದ್ದು ನೀರಿನ ಪೈಪು. ನಾಲ್ಕನೆಯದಾಗಿ ತುರ್ತು ಸಭೆ. ಮುಖ್ಯ ಕಚೇರಿಯ ಫೈರ್‌ವಾಲ್ ಪರಿಶೀಲಿಸಬೇಕು ಎಂದು ಕಂಪ್ಯೂಟರ್ ಹುಡುಗ ಹೇಳಿದ್ದನ್ನು ನಮ್ಮ ಗುಮಾಸ್ತರು ನಡಾವಳಿ ಪುಸ್ತಕದಲ್ಲಿ "ಅಗ್ನಿಗೋಡೆ ದುರಸ್ತಿ" ಎಂದು ಶುದ್ಧ ಕನ್ನಡದಲ್ಲಿ ಬರೆದರು. ಮುಂದೆ ಆಡಿಟರು ಬಂದು ಕೇಳಿದ ಮೊದಲ ಪ್ರಶ್ನೆ: "ಬೆಂಕಿ ಯಾವಾಗ ಹತ್ತಿತ್ತು?"

ಆ ಹುಡುಗನಿಗೆ ಇಂಜಿನಿಯರ್ ಎನ್ನುವಷ್ಟು ಸಂಬಳ ಕೊಡುವುದಿಲ್ಲವಾದ್ದರಿಂದ ಎಲ್ಲರೂ ಅವನನ್ನು ಹುಡುಗ ಎಂದೇ ಕರೆಯುತ್ತೇವೆ. ಅವನು ಸಭೆ ಮುಗಿಯುವುದಕ್ಕೆ ಕಾಯದೆ ತಿಕೋಟಾದ ಯಂತ್ರದಿಂದ ಮುಖ್ಯ ಕಚೇರಿಗೆ ಪಿಂಗ್ ಮಾಡಿ ನೋಡಿದ. ಪಿಂಗ್ ಅಂದರೆ ಕತ್ತಲಲ್ಲಿ "ಯಾರದೀರಿ?" ಎಂದು ಕೂಗಿ "ಓ" ಎನ್ನುತ್ತಾರಾ ಎಂದು ಕಿವಿಗೊಡುವುದು. ನಮ್ಮ ಗೋಳಗುಮ್ಮಟದಲ್ಲಿ ಒಂದು ಸಲ ಕೂಗಿದರೆ ಏಳು ಸಲ ಓಗೊಡುತ್ತದೆ. ಅದೇ ಊರಿನ ನಮ್ಮ ಕಚೇರಿಗೆ ಏಳು ಸಲ ಕೂಗಿದರೂ ಒಂದು ಓ ಇಲ್ಲ.

ತಂತಿಯಲ್ಲಿ ಕೊರತೆ ಇರಲಿಲ್ಲ. ಎರಡೂ ಊರಿನ ನಡುವೆ ವಿಪಿಎನ್ ಎಂಬ ಸುರಂಗ ತೋಡಲಾಗಿತ್ತು. ಆದಿಲ್‌ಶಾಹಿ ಕಾಲದಲ್ಲೇ ತೊರವಿಯಿಂದ ನೆಲದಡಿ ಕಾಲುವೆಯಲ್ಲಿ ನೀರು ತಂದು, ಒತ್ತಡ ತಗ್ಗಿಸಲು ನಡುನಡುವೆ ಗಂಜ್ ಎಂಬ ಗೋಪುರ ಕಟ್ಟಿದ ಊರು ನಮ್ಮದು. ಸುರಂಗ ನಮಗೆ ಹೊಸದಲ್ಲ. ಸುರಂಗದ ಈ ತುದಿಗೆ ಯಾರನ್ನು ನಿಲ್ಲಿಸಿದ್ದೇವೆ, ಅವನಿಗೆ ಏನು ಹೇಳಿದ್ದೇವೆ ಎಂಬುದನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಅಲ್ಲಿ ನಿಂತವನೇ ಫೈರ್‌ವಾಲ್. ಅವನು ಬಾಗಿಲ ಕಾವಲುಗಾರ. ಕೈಯಲ್ಲೊಂದು ಪಟ್ಟಿ ಇರುತ್ತದೆ. ಬಂದವನ ನಂಬರು, ಹೋಗಬೇಕಾದ ಮನೆ, ತಟ್ಟಬೇಕಾದ ಬಾಗಿಲು ಇವನ್ನು ಪಟ್ಟಿಯ ಮೇಲಿನಿಂದ ಕೆಳಕ್ಕೆ ತಾಳೆ ಹಾಕುತ್ತಾನೆ. ಹೊಂದಿದ ಮೊದಲ ಸಾಲಿನಲ್ಲಿ ಏನಿದೆಯೋ ಅದೇ ತೀರ್ಪು, ಮುಂದಿನದನ್ನು ಓದುವುದಿಲ್ಲ. ಯಾವ ಸಾಲೂ ಹೊಂದದಿದ್ದರೆ ಹೊರಗೆ. "ನಾ ಅಧ್ಯಕ್ಷರ ಅಳಿಯ" ಎಂದರೂ ಹೊರಗೇ. ಈ ಒಂದು ಗುಣಕ್ಕೇ ನಮ್ಮ ಆಡಳಿತ ಮಂಡಳಿಗೂ ಅವನಿಗೂ ಕೂಡಿಬರಲಿಲ್ಲ.

ಮುಖ್ಯ ಕಚೇರಿಯ ಕಂಪ್ಯೂಟರುಗಳ ನಂಬರು 192.168.1ರಿಂದ ಶುರು. ತಿಕೋಟಾಕ್ಕೆ 192.168.2 ಕೊಟ್ಟಿದ್ದೆವು. ಪಟ್ಟಿಯಲ್ಲಿ ಇದ್ದದ್ದು ಒಂದರ ಓಣಿ ಮಾತ್ರ. ಹುಡುಗ ಫೈರ್‌ವಾಲ್ ದಾಖಲೆ ತೆರೆದರೆ ಬೆಳಗಿನಿಂದ ಸಾಲು ಸಾಲಾಗಿ ಒಂದೇ ಮಾತು: 192.168.2ರವನು ಬಂದಿದ್ದ, ಗುರುತಿಲ್ಲ, ಬಿಡಲಿಲ್ಲ. ಎಂಟು ತಾಸಿನಿಂದ ಯಂತ್ರ ಸತ್ಯ ಬರೆಯುತ್ತಲೇ ಇತ್ತು. ನಾವು ಜೆಸಿಬಿ ಹುಡುಕುತ್ತಿದ್ದೆವು.

ಹೊಸ ಸಾಲು ಸೇರಿಸಿದ. ಈಗ ಆಗಬೇಕಲ್ಲ? ಆಗಲಿಲ್ಲ. ಈ ಸಲ ದಾಖಲೆಯಲ್ಲಿ "ಬಿಟ್ಟೆ" ಎಂದೇ ಇದೆ. ತಿಕೋಟಾದ ಪ್ಯಾಕೆಟ್ಟು, ಅಂದರೆ ಮಾಹಿತಿಯ ಪೊಟ್ಟಣ, ಸರ್ವರ್ ತನಕ ಬಂದು ಬಾಗಿಲು ತಟ್ಟಿದೆ, ಸರ್ವರ್ ಉತ್ತರವನ್ನೂ ಬರೆದಿದೆ. ಆದರೆ 192.168.2 ಯಾವ ಕಡೆ ಎಂಬುದು ಸರ್ವರಿಗೆ ಗೊತ್ತಿಲ್ಲ. ದಾರಿ ಗೊತ್ತಿಲ್ಲದ್ದನ್ನೆಲ್ಲ ಹಳೆಯ ಮೋಡೆಮ್ಮಿನ ಕಡೆ ದೂಡು ಎಂದು ಯಾರೋ ಯಾವಾಗಲೋ ಹೇಳಿಹೋಗಿದ್ದರು. ಅದು ದೂಡಿತು. 192.168ರ ಸಾಲು ಎಲ್ಲರ ಒಳಮನೆಯ ಬಳಕೆಗೆಂದು ಇಂಟರ್‌ನೆಟ್ಟಿನ ಹಿರಿಯರು 1996ರಲ್ಲೇ ಬಿಟ್ಟುಕೊಟ್ಟದ್ದು, ಊರಿಗೊಂದು ಗಾಂಧಿ ಚೌಕ ಇದ್ದ ಹಾಗೆ. ಬರೀ "ಗಾಂಧಿ ಚೌಕ" ಎಂದು ಬರೆದು ಡಬ್ಬಿಗೆ ಹಾಕಿದ ಪತ್ರ ಯಾವ ಊರಿಗೂ ಮುಟ್ಟುವುದಿಲ್ಲ.

"ಬರೂಕ ಬಸ್ ಐತ್ರಿ, ಹೋಗೂಕ ಇಲ್ರಿ" ಎಂದ ಹುಡುಗ. ತಿಕೋಟಾದಿಂದ ಬಂದಿದ್ದ ಗುಮಾಸ್ತರು ಗಡಿಯಾರ ನೋಡಿ ಎದ್ದು ನಿಂತರು. ಅವರ ಊರಿನ ಬಸ್ಸಿನ ಮಾತು ಎಂದುಕೊಂಡರು.

ತಿರುಗಿ ಹೋಗುವ ದಾರಿಯನ್ನೂ ಬರೆಸಿ ಆಯಿತು. ಪಾಸ್‌ಬುಕ್ ಮುದ್ರಣವಾಯಿತು. ಅಧ್ಯಕ್ಷರು ಮತ್ತೊಮ್ಮೆ ಪೇಢೆ ತರಿಸಿದರು. ಅಷ್ಟರಲ್ಲಿ ಕ್ಯಾಷಿಯರಮ್ಮನ ಫೋನ್: ಒಳಗಿನ ಲೆಕ್ಕವೆಲ್ಲ ಕಾಣುತ್ತದೆ, ಆದರೆ ಬೇರೆ ಬ್ಯಾಂಕಿಗೆ ರೊಕ್ಕ ಕಳಿಸುವ ಪುಟ ತೆರೆಯುವುದಿಲ್ಲ. ಕಾರಣ ಅದೇ ಜಾತಿಯದು. ಒಳಮನೆ ನಂಬರು ಹೊತ್ತು ಹೊರಗೆ ಹೋಗುವಂತಿಲ್ಲ. ಬಾಗಿಲಲ್ಲಿ ಅದನ್ನು ಬದಲಿಸಿ, ಸಂಘದ ಹೊರಗಿನ ವಿಳಾಸ ಹಚ್ಚಿ ಕಳಿಸಬೇಕು. ಇದಕ್ಕೆ ನ್ಯಾಟ್ ಎನ್ನುತ್ತಾರೆ. ಅದಕ್ಕೆ ಇನ್ನೊಂದು ಪಟ್ಟಿ, ಅದರಲ್ಲೂ ತಿಕೋಟಾದ ಹೆಸರಿಲ್ಲ. ಅದನ್ನು ಸೇರಿಸಿದರೆ ಪುಟವನ್ನು ನಂಬರಿನಿಂದ ತೆರೆಯಬಹುದು, ಹೆಸರಿನಿಂದ ಆಗದು. ಹೆಸರು ಕೇಳಿ ನಂಬರು ಹೇಳುವ ಡಿಎನ್‌ಎಸ್ ಎಂಬವನ ಬಳಿ ಮತ್ತೊಂದು ಪಟ್ಟಿ. ಅಲ್ಲೂ ಇಲ್ಲ.

ನಮ್ಮ ಮನೆಗೆ ಸೊಸೆ ಬಂದ ವರ್ಷ ನೆನಪಾಯಿತು. ಮದುವೆಗೆ ಊರೆಲ್ಲ ಉಂಡಿತ್ತು. ಆದರೆ ರೇಷನ್ ಕಾರ್ಡಿನಲ್ಲಿ ಹೆಸರಿಲ್ಲ, ಅಲ್ಲಿ ಸೇರಿಸಿದರೆ ಮತದಾರರ ಪಟ್ಟಿಯಲ್ಲಿ ಇಲ್ಲ, ಅಲ್ಲೂ ಸೇರಿಸಿದರೆ ಗ್ಯಾಸಿನ ಪುಸ್ತಕದಲ್ಲಿ ಇಲ್ಲ. ಒಂದೊಂದು ಬಾಗಿಲಲ್ಲೂ ಅವಳು ಇನ್ನೂ ಪರಊರಿನ ಹುಡುಗಿಯೇ. ನೆಟ್‌ವರ್ಕಿಗೆ ಹೊಸ ಓಣಿ ಸೇರಿಸುವುದೂ ಇಷ್ಟೇ. ತಂತಿ ಜೋಡಿಸಿದರೆ ಮದುವೆಯಾಯಿತು, ಅಷ್ಟೇ. ಸಂಸಾರ ನಡೆಯಬೇಕಾದರೆ ನಾಲ್ಕು ಪಟ್ಟಿಯಲ್ಲಿ ಹೆಸರು ಬರಬೇಕು. ನಾವು ಟೇಪು ಕತ್ತರಿಸುವವರನ್ನು ನೇಮಿಸುತ್ತೇವೆ, ಪಟ್ಟಿ ತಿದ್ದುವವರನ್ನು ನೇಮಿಸುವುದಿಲ್ಲ.

ಆ ಪಟ್ಟಿಗಳನ್ನೂ ತಿದ್ದಿದ ಮೇಲೂ ಫೈರ್‌ವಾಲ್ ಒಂದಲ್ಲ ಒಂದನ್ನು ತಡೆಯುತ್ತಲೇ ಇತ್ತು. ಮೂರನೆಯ ದಿನಕ್ಕೆ ಅಧ್ಯಕ್ಷರ ತಾಳ್ಮೆ ತೀರಿತು.

"ಲೇ ತಮ್ಮಾ, ಈ ಪಟ್ಟಿ ಗಿಟ್ಟಿ ಎಲ್ಲಾ ಬ್ಯಾಡ. ಎಲ್ಲಾರನ್ನೂ ಬಿಡು ಅಂತ ಬರಿ ಒಂದ್ ಸಾಲ."

"ಸಾಹೇಬ್ರ, ಹಂಗ ಬರದ್ರ ಗ್ವಾಡಿ ಇದ್ದೂ ಇಲ್ಲದಂಗ್ರಿ."

"ತಾತ್ಕಾಲಿಕ ಅಂತ ಬರಿಯಪಾ."

ಅವನು ಬರೆದ. ಯಾರಾದರೂ, ಎಲ್ಲಿಂದಾದರೂ, ಎಲ್ಲಿಗಾದರೂ. ಪಟ್ಟಿಯ ನೆತ್ತಿಯ ಮೇಲೆ ಈ ಸಾಲು ಕೂತ ಮೇಲೆ ಕೆಳಗಿನ ನೂರು ಸಾಲುಗಳನ್ನು ಕಾವಲುಗಾರ ಓದುವ ಪ್ರಸಂಗವೇ ಇಲ್ಲ. ಕ್ಷಣದಲ್ಲಿ ಎಲ್ಲ ಚಾಲೂ. ಮೂರನೆಯ ಪೇಢೆ ಬಂತು. ಇದೇ ತಂತ್ರಜ್ಞಾನ ಎಂದರು ಅಧ್ಯಕ್ಷರು. ನಾನು ಚಪ್ಪಾಳೆ ತಟ್ಟಿದೆ, ಪೇಢೆ ತಿಂದೆ, ಸಹಿ ಹಾಕಿದೆ.

ಬಬಲೇಶ್ವರದ ಶಾಖೆಗೆ ಇಷ್ಟು ತಲೆನೋವು ಬೇಡ ಎಂದು ಮಂಡಳಿ ಒಮ್ಮತದಿಂದ ತೀರ್ಮಾನಿಸಿತು. ತಿಕೋಟಾದ ರೂಟರಿನಲ್ಲಿ ಇದ್ದದ್ದನ್ನೇ ಜೆರಾಕ್ಸ್ ಹೊಡೆದ ಹಾಗೆ ಬಬಲೇಶ್ವರದ ರೂಟರಿಗೆ ಇಳಿಸಲಾಯಿತು, 192.168.2 ಸಮೇತ. ಒಂದು ಜಮಖಂಡಿ ರಸ್ತೆಯ ಊರು, ಇನ್ನೊಂದು ಅಥಣಿ ರಸ್ತೆಯ ಊರು, ಎರಡಕ್ಕೂ ಒಂದೇ ಮನೆ ನಂಬರು. ಕೇಳಿದ್ದು ಬಬಲೇಶ್ವರದ ಕಬ್ಬಿನ ಸಾಲದ ಬಾಕಿ, ಉತ್ತರ ಹೊರಟದ್ದು ತಿಕೋಟಾಕ್ಕೆ. ತಾನು ಕೇಳದ ಉತ್ತರವನ್ನು ತಿಕೋಟಾ ಎಸೆಯಿತು. ಬಬಲೇಶ್ವರ ಕಾಯುತ್ತಾ ಕೂತಿತು. ಹತ್ತು ನಿಮಿಷ ಈ ಊರು ಚಾಲೂ, ಹತ್ತು ನಿಮಿಷ ಆ ಊರು ಚಾಲೂ. ನಮ್ಮ ಕಡೆ ಕರೆಂಟು, ನೀರು ಎರಡೂ ಪಾಳಿಯಲ್ಲಿ ಬರುವುದರಿಂದ ಬಹಳ ದಿನ ಯಾರೂ ಇದನ್ನು ದೋಷವೆಂದೇ ತಿಳಿಯಲಿಲ್ಲ.

ಬಬಲೇಶ್ವರಕ್ಕೆ ಬೇರೆ ನಂಬರು ಕೊಟ್ಟ ಮೇಲೂ ಒಂದು ಕೊಸರು ಉಳಿದಿತ್ತು. ಪಿಂಗ್ ಹೋಗುತ್ತದೆ, ಸಣ್ಣ ಲೆಕ್ಕ ಹೋಗುತ್ತದೆ. ಫೋಟೊ ಹಚ್ಚಿದ ಸಾಲದ ಅರ್ಜಿ ನಡುವೆ ನಿಂತುಬಿಡುತ್ತದೆ. ಮಾಮೂಲಿ ಪ್ಯಾಕೆಟ್ಟು 1500 ಬೈಟಿನ ತನಕ ಹೊರುತ್ತದೆ, ಸುರಂಗ ತನ್ನ ಹೊದಿಕೆಯನ್ನೂ ಅದರ ಮೇಲೆ ಹೊರಿಸುತ್ತದೆ. ಎರಡು ಟ್ರೇಲರ್ ಕಬ್ಬು ಹೇರಿದ ಟ್ರ್ಯಾಕ್ಟರ್ ಹಳೆಯ ದರವಾಜದಲ್ಲಿ ಸಿಕ್ಕಿಬಿದ್ದಂತೆ. ಹೇರು ಇಳಿಸಿ ಸಣ್ಣ ಸಣ್ಣ ಗಾಡಿಯಲ್ಲಿ ಕಳಿಸು ಎಂದು ರೂಟರಿಗೆ ಹೇಳಿದ ಮೇಲೆ ಅರ್ಜಿ ಹೊರಟವು. ಹುಡುಗ ಇದನ್ನು ಅರ್ಧ ದಿನದಲ್ಲಿ ಕಂಡುಹಿಡಿದ. ಅದಕ್ಕೆ ಪೇಢೆ ಇರಲಿಲ್ಲ.

ಕೋಟೆಯ ಊರಿನವರಾದ ನಮಗೆ ಗೋಡೆಯ ಪಾಠ ಯಾರೂ ಹೇಳಬೇಕಿಲ್ಲ. ಸುತ್ತಳತೆ ಸುಮಾರು 10 ಕಿಲೋಮೀಟರ್, 96 ಬುರುಜು, ಐದು ದೊಡ್ಡ ದರವಾಜ. ಒಂದನೆಯ ಅಲಿ ಆದಿಲ್ ಶಾಹ 1565ರ ಹೊತ್ತಿಗೆ ಇದನ್ನು ಮುಗಿಸಿದಾಗ ಒಬ್ಬೊಬ್ಬ ಸರದಾರನಿಗೆ ಒಂದೊಂದು ತುಂಡು ಗೋಡೆ ವಹಿಸಿದ್ದನಂತೆ. ಅದಕ್ಕೇ ಒಂದು ಕಡೆಯಂತೆ ಇನ್ನೊಂದು ಕಡೆ ಇಲ್ಲ. ನಮ್ಮ ಫೈರ್‌ವಾಲಿನ ಪಟ್ಟಿಯೂ ಹಾಗೇ. ಐದು ಗುತ್ತಿಗೆದಾರರು ಐದು ಕಾಲದಲ್ಲಿ ಬರೆದದ್ದು. ಊರು 2014ರ ನವೆಂಬರ್ 1ರಂದು ವಿಜಯಪುರವಾದರೂ ಆ ಪಟ್ಟಿಯೊಳಗೆ ಇನ್ನೂ "ಬಿಜಾಪುರ ಹಳೇದು", "ಬಿಜಾಪುರ ಹೊಸಾದು", "ಬಿಜಾಪುರ ಇದ ಖರೇ" ಎಂಬ ಹೆಸರುಗಳಿವೆ. ಯಾವುದನ್ನು ಅಳಿಸಿದರೆ ಏನು ನಿಲ್ಲುತ್ತದೋ ಎಂಬ ಭಯಕ್ಕೆ ಯಾರೂ ಮುಟ್ಟುವುದಿಲ್ಲ.

ಹೊಸ ಓಣಿ ಸೇರಿಸುವ ಆಸೆಯೂ ಈ ಊರಿಗೆ ಹಳೆಯದು. ಎರಡನೆಯ ಇಬ್ರಾಹಿಂ ಆದಿಲ್ ಶಾಹ 1599ರಲ್ಲಿ ತೊರವಿಯ ಬಳಿ, ಇವತ್ತು ತಿಕೋಟಾಕ್ಕೆ ಹೋಗುವ ದಾರಿಯಲ್ಲೇ, ನವರಸಪುರ ಎಂಬ ಹೊಸ ಪಟ್ಟಣ ಶುರುಮಾಡಿದ. ಅರಮನೆ ಎದ್ದಿತು, ಸಂಗೀತ ಎದ್ದಿತು, ಸರದಾರರ ಮನೆಗಳು ಎದ್ದವು. ಸುತ್ತಲಿನ ಗೋಡೆ ಮಾತ್ರ ಪೂರ್ತಿಯಾಗಲಿಲ್ಲ. 1624ರಲ್ಲಿ ಮಲಿಕ್ ಅಂಬರ್ ಬಂದು ಅದನ್ನು ಹಾಳುಗೆಡವಿದ. ಹಳೆಯ ಊರಿನ ಬುರುಜಿನ ಮೇಲೆ ಎಷ್ಟೇ ತೋಪುಗಳಿದ್ದರೂ ಗೋಡೆಯೊಳಗೆ ಸೇರದ ಹೊಸ ಊರಿಗೆ ಅವು ಒದಗಲಿಲ್ಲ.

ಮೊನ್ನೆ ಸಭೆಯಲ್ಲಿ ಚಹಾ ಬರುವ ಮೊದಲು ಹುಡುಗನನ್ನು ಕೇಳಿದೆ: "ಆ ತಾತ್ಕಾಲಿಕ ಸಾಲು ತೆಗದ್ಯೋ ಇಲ್ಲೋ?"

"ನೀವ ಸಹಿ ಮಾಡೀರಲ್ರಿ ಸರ. ತಗೀಬೇಕಂದ್ರ ಮತ್ತೊಂದು ಠರಾವ್ ಬೇಕ್ರಿ."

ವಿಷಯಪಟ್ಟಿಯಲ್ಲಿ ಆ ಠರಾವು ಇರಲಿಲ್ಲ. ಚಡಚಣದಲ್ಲಿ ಮೂರನೆಯ ಶಾಖೆ ತೆರೆಯುವ ಠರಾವು ಇತ್ತು. ಚಹಾ ಬಂತು. ಸಹಿ ಹಾಕಿ ಎದ್ದು ಬಂದೆ.

ಮನೆಗೆ ಹೋಗುವಾಗ ಫತೇ ದರವಾಜದ ಕಡೆಯಿಂದ ಹೋದೆ. ಅದರ ಮೊದಲಿನ ಹೆಸರು ಮನಗೂಳಿ ದರವಾಜ. 1686ರಲ್ಲಿ ಊರನ್ನು ಗೆದ್ದ ಔರಂಗಜೇಬ ಅದರ ಮೂಲಕವೇ ಒಳಗೆ ಬಂದನೆಂದು ಹೇಳುತ್ತಾರೆ. ಫತೇ ಎಂದರೆ ಗೆಲುವು. ಆ ಹೆಸರಿಟ್ಟದ್ದು ಬಾಗಿಲು ಕಾದವರಲ್ಲ.